3 ಲೀಟರ್ ಲಾರಿ ಎಂಜಿನ್ನಿಗೆ ಟರ್ಬೊ: ಹಾರ್ಸ್‌ಪವರ್ ಎಷ್ಟು, ಟಾರ್ಕ್ ಎಷ್ಟು, ಯಾವ ಆರ್‌ಪಿಎಂನಲ್ಲಿ?

ಹಾಸನದ ಗಾಡಿ:

ಮಾನ್ಯರೇ, ನನ್ನ ಬಳಿ ಇರುವುದು ಹಳೆಯ ಟಾಟಾ 407. ಎಂಜಿನ್ 497 ಸರಣಿಯದು, ಅಂದರೆ ನಾಲ್ಕು ಸಿಲಿಂಡರ್, 97 ಮಿ.ಮೀ. ಬೋರ್, 100 ಮಿ.ಮೀ. ಸ್ಟ್ರೋಕ್, ಒಟ್ಟು 2956 ಸಿ.ಸಿ.; ಟರ್ಬೊ (ಎಕ್ಸಾಸ್ಟ್ ಅನಿಲದ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಮಾದರಿ. ಹಾಸನದ ಕಡೆಯಿಂದ ಮಂಗಳೂರಿಗೆ ಶುಂಠಿ ಸಾಗಿಸಿ, ಮರಳುವಾಗ ಗೊಬ್ಬರವನ್ನೋ ಟೈಲ್ಸನ್ನೋ ಹೇರಿಕೊಂಡು ಶಿರಾಡಿ ಘಾಟಿ ಹತ್ತಿಸುವುದೇ ಗಾಡಿಯ ಮುಖ್ಯ ದುಡಿಮೆ. ಗುಂಡ್ಯ ದಾಟಿ ಏರು ಹಿಡಿದ ಮೇಲೆ ಮೂರನೇ ಗೇರಿನಲ್ಲಿ ಎಂಜಿನ್ ನಿಧಾನವಾಗಿ ಸೋಲುತ್ತಾ ಬರುತ್ತದೆ. ಎರಡಕ್ಕೆ ಇಳಿಸಿದರೆ ಎಳೆಯುತ್ತದೆ, ಆದರೆ ಹಿಂದೆ ಬಸ್ಸುಗಳ ಸಾಲೇ ಬೆಳೆಯುತ್ತದೆ.

ಒಂದು ಗ್ಯಾರೇಜಿನವರು ಟರ್ಬೊ ಕೂರಿಸಿ, ಡೀಸೆಲ್ ಪಂಪ್ ಹೆಚ್ಚಿಸಿ, 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) 110 ಹಾರ್ಸ್‌ಪವರ್ ಬರುವಂತೆ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕಿಲ್ಲ ಎಂಬುದು ಅವರ ಮಾತು. ಇನ್ನೊಬ್ಬ ಹಿರಿಯ ಮೇಸ್ತ್ರಿಗಳು, ಹಾರ್ಸ್‌ಪವರ್ ಕೇಳಬೇಡಿ, ಕೆಳಗಿನ ಆರ್‌ಪಿಎಂನ ಟಾರ್ಕ್ (ತಿರುಗಿಸುವ ಬಲ) ಕೇಳಿ ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ, ಎರಡನ್ನೂ ಹೊಂದಿಸುವುದು ಹೇಗೆ, ಎಷ್ಟರವರೆಗೆ ಹೋದರೆ ಎಂಜಿನ್ ಬಾಳುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಕರಾವಳಿ ಸ್ಟೇರಿಂಗ್:

ಘಾಟಿ ಹತ್ತಿಸುವುದು ಟಾರ್ಕೇ ಹೊರತು ಹಾರ್ಸ್‌ಪವರ್ ಅಲ್ಲ. ಹಾರ್ಸ್‌ಪವರ್ ಎಂಬುದು ಗಾಡಿ ಮಾರುವವರಿಗೆ ಬೇಕಾದ ಅಂಕಿ. ಲೋಡ್ ಎಳೆಯುವವನಿಗೆ ಬೇಕಾದದ್ದು 1500ರ ಆಸುಪಾಸಿನಲ್ಲಿ ಎಂಜಿನ್ ಕೊಡುವ ಹಿಡಿತ. ಆ ಮೇಸ್ತ್ರಿಗಳು ಹೇಳಿದ್ದನ್ನು ಕೇಳಿ, 110ರ ಆಸೆ ಬಿಡಿ.

ಅಳತೆಗೋಲು:

ಕರಾವಳಿಯವರ ತೀರ್ಮಾನವನ್ನು ಒಪ್ಪುತ್ತೇನೆ, ಅವರು ಕೊಟ್ಟ ಕಾರಣವನ್ನು ಒಪ್ಪುವುದಿಲ್ಲ. ಟಾರ್ಕ್ ಮತ್ತು ಹಾರ್ಸ್‌ಪವರ್ ಎರಡು ಬೇರೆ ಬೇರೆ ಸರಕುಗಳೇನೂ ಅಲ್ಲ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದರೆ ಮೆಟ್ರಿಕ್ ಹಾರ್ಸ್‌ಪವರ್ ಸಿಗುತ್ತದೆ; 9549ರಿಂದ ಭಾಗಿಸಿದರೆ ಕಿಲೋವ್ಯಾಟ್. ಏರಿನಲ್ಲಿ ಗಾಡಿ ಯಾವ ವೇಗದಲ್ಲಿ ಹೋಗಬಲ್ಲದು ಎಂಬುದನ್ನು ಕೊನೆಗೆ ನಿರ್ಧರಿಸುವುದು ಹಾರ್ಸ್‌ಪವರೇ. ಆದರೆ ಆ ಹಾರ್ಸ್‌ಪವರ್ ಯಾವ ಆರ್‌ಪಿಎಂನಲ್ಲಿ ಕೈಗೆ ಸಿಗುತ್ತದೆ, ಆರ್‌ಪಿಎಂ ಇಳಿದಾಗ ಎಷ್ಟು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಟಾರ್ಕಿನ ರೇಖೆ. ಹಾಗಾಗಿ ಕೇಳಬೇಕಾದದ್ದು ಒಂದು ತುದಿಯ ಅಂಕಿಯನ್ನಲ್ಲ, 1400ರಿಂದ 2800ರವರೆಗಿನ ಇಡೀ ರೇಖೆಯನ್ನು.

ಮಾಲೀಕರ ಗಾಡಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಟ್ಟು ತೂಕ 6 ಟನ್, ಏರು ನೂರಕ್ಕೆ ಆರು, ವೇಗ ಗಂಟೆಗೆ 30 ಕಿ.ಮೀ. ಎಂದಿಟ್ಟುಕೊಳ್ಳಿ. ಏರನ್ನು ಎದುರಿಸಲು ಸುಮಾರು 3530 ನ್ಯೂಟನ್, ಟೈರುಗಳ ಉರುಳು ಪ್ರತಿರೋಧಕ್ಕೆ 590, ಗಾಳಿಗೆ 150. ಒಟ್ಟು ಹತ್ತಿರ ಹತ್ತಿರ 4270 ನ್ಯೂಟನ್ ಎಳೆತ ಚಕ್ರದ ಬಳಿ ಬೇಕು. ಇನ್ನು ಎಂಜಿನ್ನಿನ ಕಡೆ ಬರೋಣ. ಟರ್ಬೊ ಇಲ್ಲದ ಈ ಗಾತ್ರದ ಡೀಸೆಲ್ ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿದ್ದರೆ 190 ನ್ಯೂಟನ್ ಮೀಟರ್ ಕೊಡುತ್ತದೆ ಎಂದು ಭಾವಿಸೋಣ. ಮೂರನೇ ಗೇರು ಮತ್ತು ಹಿಂದಿನ ಡಿಫರೆನ್ಷಿಯಲ್ ಸೇರಿ ಒಟ್ಟು ಅನುಪಾತ 9.7, ಚಕ್ರದ ತ್ರಿಜ್ಯ 0.385 ಮೀಟರ್, ನಡುವೆ ನೂರಕ್ಕೆ 12ರಷ್ಟು ನಷ್ಟ ಎಂದು ಹಿಡಿದರೆ 2000 ಆರ್‌ಪಿಎಂನಲ್ಲಿ ಗಾಡಿ ಸರಿಯಾಗಿ 30 ಕಿ.ಮೀ. ವೇಗದಲ್ಲಿರುತ್ತದೆ, ಚಕ್ರಕ್ಕೆ ಸಿಗುವ ಎಳೆತ 4210 ನ್ಯೂಟನ್. ಬೇಕಾದದ್ದು 4270. ಕೊರತೆ ಕೇವಲ 60 ನ್ಯೂಟನ್ನಿನಷ್ಟು, ಆದರೆ ಕೊರತೆ ಕೊರತೆಯೇ. ಹೀಗಾಗಿಯೇ ಎಂಜಿನ್ ತಟ್ಟನೆ ಸೋಲದೆ "ನಿಧಾನವಾಗಿ ಸೋಲುತ್ತಾ" ಬರುತ್ತದೆ. ಸಕಲೇಶಪುರದ ಎತ್ತರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು. ಮೇಲಕ್ಕೆ ಹೋದಂತೆ ಗಾಳಿಯ ಸಾಂದ್ರತೆ ನೂರಕ್ಕೆ ಎಂಟೊಂಬತ್ತು ಕಡಿಮೆಯಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಇನ್ನಷ್ಟು ಕಳೆದುಕೊಳ್ಳುತ್ತದೆ.

ಅದೇ 2000ದಲ್ಲಿ 240 ನ್ಯೂಟನ್ ಮೀಟರ್ ಇದ್ದರೆ ಚಕ್ರಕ್ಕೆ 5320 ನ್ಯೂಟನ್ ಸಿಗುತ್ತದೆ. ಅಗತ್ಯಕ್ಕಿಂತ ನಾಲ್ಕರಲ್ಲಿ ಒಂದು ಭಾಗ ಹೆಚ್ಚು. ಗೇರ್ ಇಳಿಸುವ ಅಗತ್ಯವೇ ಬೀಳುವುದಿಲ್ಲ. 2800ರಲ್ಲಿ 205 ಉಳಿದರೂ ಅದೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ಮೇಲಿನ ವೇಗವನ್ನು ಗಾಡಿ ಕಾಯ್ದುಕೊಳ್ಳುತ್ತದೆ. ಆಗ ಹಾರ್ಸ್‌ಪವರ್ ಎಷ್ಟೆಂದರೆ 82 ಮಾತ್ರ.

ಹಾಸನದ ಗಾಡಿ:

ಲೆಕ್ಕ ಬಹಳ ಸ್ಪಷ್ಟವಾಗಿದೆ, ಧನ್ಯವಾದಗಳು. ಆದರೆ 82ರ ಬದಲು 110 ಸಿಕ್ಕರೆ ಕೆಳಗೂ ಹೆಚ್ಚು ಸಿಗಬೇಕಲ್ಲವೇ? ದೊಡ್ಡ ಅಂಕಿಯಲ್ಲಿ ಸಣ್ಣ ಅಂಕಿ ಅಡಗಿರುವುದಿಲ್ಲವೇ?

ಅಳತೆಗೋಲು:

ಇಲ್ಲ, ಗ್ಯಾರೇಜಿನವರ ಮಾತಿನಲ್ಲಿ ಎಡವಟ್ಟು ಇರುವುದು ಅಲ್ಲೇ. 3000ದಲ್ಲಿ 110 ಹಾರ್ಸ್‌ಪವರ್ ಎಂದರೆ ಆ ವೇಗದಲ್ಲಿ 258 ನ್ಯೂಟನ್ ಮೀಟರ್ ಟಾರ್ಕ್. ಅಷ್ಟು ಡೀಸೆಲನ್ನು ಕಪ್ಪು ಹೊಗೆಯಿಲ್ಲದೆ ಸುಡಬೇಕಾದರೆ ಮೊದಲಿಗಿಂತ ಸುಮಾರು 1.7 ಪಟ್ಟು ಗಾಳಿ ಬೇಕು. ಇಂಟರ್‌ಕೂಲರ್ ಇಲ್ಲದೆ ಅಷ್ಟು ಗಾಳಿ ತುಂಬಲು 1.3 ಬಾರ್‌ನಷ್ಟು ಬೂಸ್ಟ್ (ವಾತಾವರಣದ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ) ಬೇಕಾಗುತ್ತದೆ. ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರಿನ ದಕ್ಷತೆ ನೂರಕ್ಕೆ 70 ಎಂದು ಹಿಡಿದರೂ ಹೊರಬರುವ ಗಾಳಿಯ ಉಷ್ಣತೆ 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಅಷ್ಟು ಬಿಸಿ ಗಾಳಿಯನ್ನು ಉಸಿರಾಡಿದ ಎಂಜಿನ್ನಿನ ಪಿಸ್ಟನ್ನುಗಳು ಘಾಟಿಯಲ್ಲಿ ಬಹಳ ಕಾಲ ಬಾಳುವುದಿಲ್ಲ.

ಎರಡನೆಯದಾಗಿ, 3000ದಲ್ಲಿ ಅಷ್ಟು ಗಾಳಿ ಹಾಯಬೇಕೆಂದರೆ ಟರ್ಬೈನ್ ಹೌಸಿಂಗ್ (ಎಕ್ಸಾಸ್ಟ್ ಅನಿಲ ತಿರುಗಿಸುವ ಚಕ್ರದ ಕವಚ) ದೊಡ್ಡದಿರಬೇಕು. ಹೌಸಿಂಗ್ ದೊಡ್ಡದಾದಷ್ಟೂ ಕೆಳಗಿನ ಆರ್‌ಪಿಎಂನಲ್ಲಿ ಎಕ್ಸಾಸ್ಟ್ ಅನಿಲದ ರಭಸ ಸಾಲದೆ ಚಕ್ರ ತಿರುಗುವುದು ತಡವಾಗುತ್ತದೆ. 1600ರಲ್ಲಿ ಬೂಸ್ಟ್ ಹುಟ್ಟದ ಟರ್ಬೊ ಎಂದರೆ ಎಕ್ಸಾಸ್ಟಿಗೆ ಅಡ್ಡಲಾಗಿ ಕೂತ ಒಂದು ಕಬ್ಬಿಣದ ತುಂಡು. ಆಗ 1600ರ ಟಾರ್ಕ್ ಮೊದಲಿದ್ದಷ್ಟೇ ಇರಬಹುದು, ಒಂದು ಗುಲಗಂಜಿ ಕಡಿಮೆಯೂ ಆಗಬಹುದು. ಏರಿನಲ್ಲಿ 2000ದಿಂದ ಕುಸಿಯುತ್ತಾ ಬಂದ ನಿಮ್ಮ ಎಂಜಿನ್ನಿಗೆ ಕೊರತೆ ಕಾಡುವುದು ಆ ವೇಗದಲ್ಲೇ. ಹಾಗಾದ ಮೇಲೆ 110 ಹಾರ್ಸ್‌ಪವರಿನ ಗಾಡಿಯೂ ಘಾಟಿಯಲ್ಲಿ ಎರಡನೇ ಗೇರಿಗೇ ಬರುತ್ತದೆ, ಅಲ್ಲಿ 2800ಕ್ಕೆ ಕಿರುಚಿಕೊಂಡು ಹೋಗುತ್ತದೆ.

ಪಂಪ್ ಬೆಂಚು:

ನಾನು ಬೆಂಗಳೂರಿನಲ್ಲಿ ಇಂಜೆಕ್ಷನ್ ಪಂಪುಗಳ ಕೆಲಸದಲ್ಲಿಯೇ ಕೂದಲು ನರೆಸಿಕೊಂಡವನು. ಎಲ್ಲರೂ ಟರ್ಬೊದ ಗಾತ್ರವನ್ನು ಮಾತಾಡುತ್ತಾರೆ, ಟಾರ್ಕಿನ ರೇಖೆಯನ್ನು ನಿಜಕ್ಕೂ ಬರೆಯುವುದು ಪಂಪ್ ಎಂಬುದನ್ನು ಮರೆಯುತ್ತಾರೆ. ಆಡುಗೋಡಿಯ ಪಂಪ್ ಕಂಪನಿ ಮೈಕೋ 1951ರಲ್ಲಿ ಆರಂಭವಾಯಿತು, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು; ಆದರೂ ನಮ್ಮ ಕಡೆ ಇಂದಿಗೂ ಅದು "ಮೈಕೋ ಪಂಪೇ". ಹಳೆಯ ಇನ್‌ಲೈನ್ ಪಂಪಿನಲ್ಲಿ ಎಷ್ಟು ಡೀಸೆಲ್ ಹೋಗಬೇಕು ಎಂಬುದನ್ನು ರ್‍ಯಾಕ್ ಎಂಬ ಸಲಾಕೆ ನಿರ್ಧರಿಸುತ್ತದೆ, ರ್‍ಯಾಕ್ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಫುಲ್‌ಲೋಡ್ ಸ್ಟಾಪ್ ನಿರ್ಧರಿಸುತ್ತದೆ. ಸಾಮಾನ್ಯ ಗ್ಯಾರೇಜುಗಳಲ್ಲಿ "ಪಂಪ್ ಹೆಚ್ಚಿಸುವುದು" ಎಂದರೆ ಈ ಸ್ಟಾಪ್ ಸ್ಕ್ರೂವನ್ನು ಒಂದೆರಡು ಸುತ್ತು ತಿರುಗಿಸುವುದು. ಹೀಗೆ ಮಾಡಿದರೆ ಎಲ್ಲ ಆರ್‌ಪಿಎಂನಲ್ಲಿಯೂ ಡೀಸೆಲ್ ಹೆಚ್ಚಾಗುತ್ತದೆ: ಬೂಸ್ಟ್ ಹುಟ್ಟುವ ಮುನ್ನ ಕಪ್ಪು ಹೊಗೆ, ಬೂಸ್ಟ್ ಬಂದ ಮೇಲೆ ವಿಪರೀತ ಬಿಸಿ.

ಟರ್ಬೊ ಹಾಕಿದ ಎಂಜಿನ್ನಿಗೆ ಪಂಪಿನಲ್ಲಿ ಎರಡು ಏರ್ಪಾಡುಗಳು ಬೇಕು. ಮೊದಲನೆಯದು ಬೂಸ್ಟ್ ಕಾಂಪೆನ್ಸೇಟರ್, ಬಾಷ್‌ನವರ ಭಾಷೆಯಲ್ಲಿ ಎಲ್‌ಡಿಎ. ಇದರಲ್ಲಿ ಒಂದು ಡಯಾಫ್ರಾಮ್ ಇರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಅದನ್ನು ತಳ್ಳಿದಾಗ ಮಾತ್ರ ರ್‍ಯಾಕಿಗೆ ಹೆಚ್ಚಿನ ಓಡಾಟ ಸಿಗುತ್ತದೆ. ಗಾಳಿ ಬಂದ ಮೇಲೆಯೇ ಡೀಸೆಲ್ ಎಂಬ ಶಿಸ್ತನ್ನು ತರುವುದು ಇದೇ. ಎರಡನೆಯದು ಗವರ್ನರಿನೊಳಗಿನ (ಆರ್‌ಪಿಎಂಗೆ ತಕ್ಕಂತೆ ಡೀಸೆಲನ್ನು ಹತೋಟಿಯಲ್ಲಿಡುವ ಭಾಗ) ಟಾರ್ಕ್ ಕಂಟ್ರೋಲ್ ಸ್ಪ್ರಿಂಗ್. ಆರ್‌ಪಿಎಂ ಏರಿದಂತೆ ಪ್ರತಿ ಸ್ಟ್ರೋಕಿನ ಡೀಸೆಲನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುವುದು ಇದರ ಕೆಲಸ. ಏರಿನಲ್ಲಿ ಎಂಜಿನ್ ಆರ್‌ಪಿಎಂ ಕಳೆದುಕೊಂಡಾಗ ಇದೇ ಸ್ಪ್ರಿಂಗ್ ಡೀಸೆಲನ್ನು ಮತ್ತೆ ಹೆಚ್ಚಿಸುತ್ತದೆ, ಎಂಜಿನ್ "ಹಿಡಿದುಕೊಳ್ಳುತ್ತದೆ". ಕರಾವಳಿಯವರು ಹೇಳಿದ ಹಿಡಿತ ಎಂದರೆ ಇದೇ. ಪುಸ್ತಕದವರು ಇದನ್ನು ಟಾರ್ಕ್ ಬ್ಯಾಕಪ್ ಎನ್ನುತ್ತಾರೆ.

ಆದ್ದರಿಂದ ಹಾರ್ಸ್‌ಪವರ್ ಮತ್ತು ಟಾರ್ಕನ್ನು ಹೊಂದಿಸುವ ಕೆಲಸ ಆಗುವುದು ಗಾಡಿಯ ಮೇಲಲ್ಲ, ಕ್ಯಾಲಿಬ್ರೇಷನ್ ಬೆಂಚಿನ ಮೇಲೆ. 1000, 1600, 2200, 2800 ಎಂಜಿನ್ ಆರ್‌ಪಿಎಂಗೆ ಸರಿಹೊಂದುವ ಪಂಪ್ ವೇಗಗಳಲ್ಲಿ ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಬೀಳುತ್ತದೆ ಎಂಬುದನ್ನು ಗಾಜಿನ ಕೊಳವೆಗಳಲ್ಲಿ ಅಳೆದು, ಬೂಸ್ಟ್ ಇಲ್ಲದಾಗ ಒಮ್ಮೆ, ಎಲ್‌ಡಿಎಗೆ ಗಾಳಿಯ ಒತ್ತಡ ಕೊಟ್ಟು ಇನ್ನೊಮ್ಮೆ ಬರೆದುಕೊಡಲು ಹೇಳಿ. ಆ ಹಾಳೆ ಕೊಡಲು ಒಪ್ಪದವರ ಬಳಿ ಪಂಪ್ ಬಿಚ್ಚಿಸಬೇಡಿ. ನಿಮ್ಮ ಪಂಪಿನ ಗವರ್ನರಿಗೆ ಎಲ್‌ಡಿಎ ಕೂರಿಸಲು ಬರುವುದಿಲ್ಲವೆಂದಾದರೆ ಟರ್ಬೊ ಮಾದರಿಯ ಪಂಪನ್ನೇ ಹುಡುಕಬೇಕು. ಖರ್ಚು ಹೆಚ್ಚಾಗುತ್ತದೆ, ಬೇರೆ ದಾರಿಯಿಲ್ಲ.

ದೂರದೂರು:

ನಾನು ಅಮೆರಿಕದಲ್ಲಿ ನೆಲೆಸಿರುವವನು, ಇಲ್ಲಿನ ಡೀಸೆಲ್ ಪಿಕಪ್‌ಗಳ ಹುಚ್ಚು ನನಗೂ ಸ್ವಲ್ಪ ಇದೆ. 1989ರ ಮಾದರಿಯ ಡಾಡ್ಜ್ ರಾಮ್ ಪಿಕಪ್ಪಿಗೆ ಬಂದ ಕಮ್ಮಿನ್ಸ್ ಬಿ ಸರಣಿಯ 5.9 ಲೀಟರ್ ಎಂಜಿನ್ನಿನ ಉದಾಹರಣೆ ಇಲ್ಲಿ ಬಹಳ ಚೆನ್ನಾಗಿ ಹೊಂದುತ್ತದೆ. ಆರಂಭದ ಆ ಎಂಜಿನ್ನಿಗೆ ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. ಹಾರ್ಸ್‌ಪವರ್ 160 ಮಾತ್ರ, ಅದೂ 2500 ಆರ್‌ಪಿಎಂನಲ್ಲಿ. ಆದರೆ ಟಾರ್ಕ್ 1700 ಆರ್‌ಪಿಎಂನಲ್ಲಿ 400 ಪೌಂಡ್ ಅಡಿ, ಅಂದರೆ 542 ನ್ಯೂಟನ್ ಮೀಟರ್. 2500ರಲ್ಲಿ ಲೆಕ್ಕ ಹಾಕಿದರೆ ಟಾರ್ಕ್ 456ಕ್ಕೆ ಇಳಿದಿರುತ್ತದೆ. ಅಂದರೆ ಏರಿನಲ್ಲಿ 2500ರಿಂದ 1700ಕ್ಕೆ ಎಂಜಿನ್ ಕುಗ್ಗಿದರೆ ಟಾರ್ಕ್ ನೂರಕ್ಕೆ 19ರಷ್ಟು ಹೆಚ್ಚುತ್ತದೆ. ಟ್ರೇಲರ್ ಎಳೆಯುವವರು ಆ ಗಾಡಿಗೆ ಮುಗಿಬಿದ್ದದ್ದು 160 ಎಂಬ ಅಂಕಿಯನ್ನು ನೋಡಿ ಅಲ್ಲ.

ಗಾತ್ರ ಬೇರೆಯಾದ ಎಂಜಿನ್ನುಗಳನ್ನು ಹೋಲಿಸಲು ಬಿಎಂಇಪಿ ಎಂಬ ಅಳತೆ ಇದೆ. ಪಿಸ್ಟನ್ ಮೇಲೆ ಬೀಳುವ ಉಪಯುಕ್ತ ಸರಾಸರಿ ಒತ್ತಡ ಎಂದು ತಿಳಿಯಬಹುದು. ಆ ಕಮ್ಮಿನ್ಸ್‌ನಲ್ಲಿ ಅದು 11.6 ಬಾರ್. ಹಾಸನದವರ 2956 ಸಿ.ಸಿ. ಎಂಜಿನ್ನಿನಲ್ಲಿ 190 ನ್ಯೂಟನ್ ಮೀಟರಿಗೆ 8.1 ಬಾರ್, 260ಕ್ಕೆ 11 ಬಾರ್ ಬರುತ್ತದೆ. ಹಾಗಾಗಿ ಇಂಟರ್‌ಕೂಲರ್ ಇಲ್ಲದೆ 260 ಮುಟ್ಟುವುದು ಅಸಾಧ್ಯವೇನಲ್ಲ ಎಂಬುದು ನನ್ನ ಅಭಿಪ್ರಾಯ.

ಪಂಪ್ ಬೆಂಚು:

ದೂರದೂರಿನವರ ಹೋಲಿಕೆಯಲ್ಲಿ ಒಂದು ಮುಖ್ಯ ಅಂಶ ಬಿಟ್ಟುಹೋಗಿದೆ. ಆ ಎಂಜಿನ್ ಹುಟ್ಟಿನಿಂದಲೇ ಟರ್ಬೊಗೆಂದು ಮಾಡಿದ್ದು. ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸಿ ತಂಪು ಮಾಡುವ ನಾಝಲ್‌ಗಳು ಅದರಲ್ಲಿವೆ. ಟರ್ಬೊ ಇಲ್ಲದ ಎಂಜಿನ್ನನ್ನು ಆಮೇಲೆ ಬದಲಾಯಿಸುವಾಗ ಆ ಏರ್ಪಾಡು ಇಲ್ಲ ಎಂದೇ ಹಿಡಿದು ಹೊರಡಬೇಕು, ಬಿಚ್ಚಿ ನೋಡಿದ ಮೇಲೆ ಇದ್ದರೆ ಸಂತೋಷ. ಕಂಪ್ರೆಶನ್ ಅನುಪಾತವೂ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಮುಖ್ಯ. ಟರ್ಬೊ ಇಲ್ಲದ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 17 ಅಥವಾ 18ಕ್ಕೆ 1 ಇರುತ್ತದೆ. ಅದರ ಮೇಲೆ ಬೂಸ್ಟ್ ಹಾಕಿದರೆ ಸಿಲಿಂಡರಿನ ಗರಿಷ್ಠ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್ಟಿಗೂ ಕನೆಕ್ಟಿಂಗ್ ರಾಡ್ ಬೇರಿಂಗಿಗೂ ಭಾರವಾಗುತ್ತದೆ. ಇಂಜೆಕ್ಷನ್ ಟೈಮಿಂಗನ್ನು ಒಂದೆರಡು ಡಿಗ್ರಿ ಹಿಂದಕ್ಕೆ ತಂದರೆ (ಡೀಸೆಲ್ ತುಸು ತಡವಾಗಿ ಚಿಮ್ಮಿದರೆ) ಒತ್ತಡ ತಗ್ಗುತ್ತದೆ, ಆದರೆ ಅತಿಯಾಗಿ ತಂದರೆ ಎಕ್ಸಾಸ್ಟ್ ಬಿಸಿಯಾಗುತ್ತದೆ.

ಈ ಕಾರಣಕ್ಕೆ ಇಂಟರ್‌ಕೂಲರ್ ಇಲ್ಲದಿದ್ದರೆ 240ಕ್ಕೆ ನಿಲ್ಲಿಸಿ ಎಂಬುದು ನನ್ನ ಸಲಹೆ. ಬಿಎಂಇಪಿ ಆಗ 10.2 ಬಾರ್. 1600ರಲ್ಲಿ 0.6 ಬಾರ್ ಬೂಸ್ಟ್ ಸಿಕ್ಕರೆ ಸಾಕು. ಒಂದು ಕಿಲೊ ಡೀಸೆಲಿಗೆ 20 ಕಿಲೊ ಗಾಳಿಯ ಆಸುಪಾಸಿನಲ್ಲಿ ಉರಿ ಶುದ್ಧವಾಗಿರುತ್ತದೆ.

ಘಟ್ಟದ ದಾರಿ:

ಇಂಟರ್‌ಕೂಲರ್ ಬೇಡವೆಂದು ಎಲ್ಲರೂ ಇಷ್ಟು ಬೇಗ ಒಪ್ಪಿಕೊಂಡದ್ದೇಕೆ? 0.7 ಬಾರ್ ಬೂಸ್ಟ್, ಹೊರಗಿನ ಉಷ್ಣತೆ 32 ಡಿಗ್ರಿ ಎಂದರೆ ಕಂಪ್ರೆಸರಿನಿಂದ ಹೊರಬರುವ ಗಾಳಿ 100 ಡಿಗ್ರಿ ದಾಟಿರುತ್ತದೆ, ಎಂಜಿನ್ನಿಗೆ ಹೋಗುವ ಗಾಳಿ ನೂರಕ್ಕೆ 38ರಷ್ಟು ಹೆಚ್ಚುತ್ತದೆ. ಅದನ್ನೇ 60 ಡಿಗ್ರಿಗೆ ತಣಿಸಿದರೆ ಅದೇ ಬೂಸ್ಟಿನಲ್ಲಿ ಗಾಳಿ ನೂರಕ್ಕೆ 55ರಷ್ಟು ಹೆಚ್ಚು. ಡೀಸೆಲ್ ಒಂದು ಹನಿಯೂ ಹೆಚ್ಚಿಸದೆ ಎಂಜಿನ್ ತಂಪಾಗಿರುತ್ತದೆ. ಹಾರ್ಸ್‌ಪವರಿಗಾಗಿ ಅಲ್ಲ, ಆಯುಷ್ಯಕ್ಕಾಗಿ ಇಂಟರ್‌ಕೂಲರ್ ಬೇಕು.

ಅಳತೆಗೋಲು:

ನಿಮ್ಮ ವಾದ ಸರಿ. ಆದರೆ ಘಾಟಿಯಲ್ಲಿ 20, 30 ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಎದುರು ಗಾಳಿ ಸಿಗುವುದು ಕಡಿಮೆ, ಇಂಟರ್‌ಕೂಲರ್ ತಣಿಯಬೇಕಾದರೆ ಫ್ಯಾನೇ ಎಳೆಯಬೇಕು. ರೇಡಿಯೇಟರಿನ ಮುಂದೆ ಅದನ್ನು ಕೂರಿಸಿದರೆ ರೇಡಿಯೇಟರಿಗೆ ಬಿಸಿ ಗಾಳಿ ಹೋಗುತ್ತದೆ. ಹೆಚ್ಚು ಡೀಸೆಲ್ ಸುಡುವ ಎಂಜಿನ್ನಿಗೆ ನೀರಿನ ತಂಪೂ ಹೆಚ್ಚು ಬೇಕೆಂಬುದನ್ನು ಮರೆಯಬಾರದು. ರೇಡಿಯೇಟರ್ ಕೋರನ್ನು ಒಂದು ಸಾಲು ಹೆಚ್ಚಿಸಿ, ಫ್ಯಾನ್ ಶ್ರೌಡ್ ಬಿಗಿಯಾಗಿ ಕೂರಿಸಿ ಮಾಡುವುದಾದರೆ ಇಂಟರ್‌ಕೂಲರ್ ಹಾಕಲಿ. ಹಾಕಿದ ಮೇಲೆ ಸಿಗುವ ಹೆಚ್ಚಿನ ಗಾಳಿಯನ್ನು ನೋಡಿ ಯಾರೂ ಸ್ಟಾಪ್ ಸ್ಕ್ರೂ ಮುಟ್ಟಬಾರದು ಎಂಬ ಷರತ್ತಿನೊಂದಿಗೆ.

ಹಾಸನದ ಗಾಡಿ:

ಇಂಟರ್‌ಕೂಲರಿನ ವಿಷಯ ಅರ್ಥವಾಯಿತು. ಟರ್ಬೊದ ಗಾತ್ರ ಹೇಗೆ ಆರಿಸಬೇಕು? ಗುಜರಿಯಲ್ಲಿ ಬೇರೆ ಬೇರೆ ಗಾಡಿಗಳ ಟರ್ಬೊ ಸಿಗುತ್ತವೆ. ಇನ್ನೊಂದು ಪ್ರಶ್ನೆ: ಎಳೆಯುವ ಶಕ್ತಿ ನಾಲ್ಕರಲ್ಲಿ ಒಂದು ಭಾಗ ಹೆಚ್ಚಿದರೆ ಒಂದು ಟನ್ ಹೆಚ್ಚು ಹೇರಬಹುದೇ?

ಕಡತ:

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಹೇರಬಾರದು. ಎಂಜಿನ್ ಬದಲಾಯಿತೆಂದು ಆಕ್ಸಲ್, ಸ್ಪ್ರಿಂಗು, ಟೈರು, ಬ್ರೇಕು ಬದಲಾಗುವುದಿಲ್ಲ. ಘಾಟಿ ಹತ್ತುವ ಎಂಜಿನ್ನಿಗೆ ಟರ್ಬೊ ಸಹಾಯ ಮಾಡುತ್ತದೆ, ಇಳಿಯುವ ಬ್ರೇಕಿಗೆ ಮಾಡುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವನ್ನು ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ.

ಇಲ್ಲಿಯವರೆಗೆ ಯಾರೂ ಎತ್ತದ ವಿಷಯ ಇನ್ನೊಂದಿದೆ. 1988ರ ಕಾಯ್ದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಆರ್‌ಸಿಯ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿದೆ. 182ಎ ಕಲಮಿನಲ್ಲಿ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಇವೆ. ಹಾಗಾಗಿ ಒಂದು ಬೋಲ್ಟ್ ಬಿಚ್ಚುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮಾ ಕಂಪನಿಗೂ ಪತ್ರ ಬರೆಯಿರಿ. ಅಪಘಾತವಾದ ದಿನ ವಿಮೆಯವರು ಎಂಜಿನ್ ನೋಡಿ "ಇದು ನಮಗೆ ತಿಳಿಸಿದ ಗಾಡಿಯಲ್ಲ" ಎಂದರೆ ಟಾರ್ಕಿನ ರೇಖೆ ತೋರಿಸಿ ಪ್ರಯೋಜನವಿಲ್ಲ. ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದಾಗ ಹೊಗೆ ಪರೀಕ್ಷೆಯೂ ಇರುತ್ತದೆ. ಬಿಎಸ್ 4 ಮಾಲಿನ್ಯ ಮಾನದಂಡಕ್ಕಿಂತ ಹಳೆಯ ಡೀಸೆಲ್ ಗಾಡಿಗಳಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ). ಸ್ಟಾಪ್ ಸ್ಕ್ರೂ ತಿರುಗಿಸಿದ ಪಂಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಕರಾವಳಿ ಸ್ಟೇರಿಂಗ್:

ಕಡತದವರು ಹೇಳಿದ ಮೇಲೆ ನನಗನ್ನಿಸುವುದು ಇಷ್ಟು. ಅದೇ ಸರಣಿಯಲ್ಲಿ ಕಂಪನಿಯವರೇ ಟರ್ಬೊ ಹಾಕಿ ಮಾಡಿದ ಎಂಜಿನ್ನುಗಳಿವೆ. ಅನುಮತಿ ಸಿಗುವುದಾದರೆ ಅಂಥ ಪೂರ್ತಿ ಎಂಜಿನ್ನನ್ನು ಪಂಪ್ ಸಮೇತ ತಂದು ಕೂರಿಸುವುದು ಗ್ಯಾರೇಜಿನ ಕಿಟ್‌ಗಿಂತ ಒಳ್ಳೆಯದಲ್ಲವೇ? ಪಿಸ್ಟನ್, ಪಂಪ್, ಮ್ಯಾನಿಫೋಲ್ಡ್, ಆಯಿಲ್ ದಾರಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಬಂದಿರುತ್ತವೆ.

ಪಂಪ್ ಬೆಂಚು:

ನೂರಕ್ಕೆ ನೂರು ಒಪ್ಪಿಗೆ. ಹಣದ ಲೆಕ್ಕದಲ್ಲಿಯೂ ಅದೇ ಅಗ್ಗವಾಗುವ ಸಾಧ್ಯತೆ ಹೆಚ್ಚು. ಆದರೆ ಅಲ್ಲಿಯೂ ಕ್ಲಚ್ ಪ್ಲೇಟನ್ನು ಟರ್ಬೊ ಗಾಡಿಯದ್ದೇ ಹಾಕಬೇಕು. ಮೊದಲ ಗೇರಿನಲ್ಲಿ ಏರಿನ ಮೇಲೆ ಗಾಡಿ ಎತ್ತುವಾಗ ಹಳೆಯ ಕ್ಲಚ್ ಜಾರುತ್ತದೆ, ಗೇರ್‌ಬಾಕ್ಸಿಗೂ ಹೆಚ್ಚಿನ ಟಾರ್ಕ್ ಬೀಳುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಹೆಚ್ಚಿಸುವುದಕ್ಕೆ ತೆರಬೇಕಾದ ಬೆಲೆ ಇದು. ಹಾರ್ಸ್‌ಪವರನ್ನು ಆರ್‌ಪಿಎಂ ಏರಿಸಿ ಹೆಚ್ಚಿಸಿದರೆ ಗೇರ್‌ಬಾಕ್ಸ್ ಉಳಿಯುತ್ತದೆ, ಎಂಜಿನ್ ಸವೆಯುತ್ತದೆ.

ಅಳತೆಗೋಲು:

ಟರ್ಬೊ ಆಯ್ಕೆಯ ಪ್ರಶ್ನೆ ಉಳಿದಿತ್ತು. ಗುಜರಿಯದ್ದು ಬೇಡ ಎಂಬುದು ಮೊದಲ ಮಾತು. ಶಾಫ್ಟಿನ ಆಟ (ಸಡಿಲು) ಹೆಚ್ಚಿದ್ದರೆ ಎಂಜಿನ್ ತನ್ನದೇ ಆಯಿಲನ್ನು ಉಸಿರಾಡಿ, ಆಕ್ಸಲರೇಟರ್ ಬಿಟ್ಟರೂ ನಿಲ್ಲದೆ ಓಡುವ ಅಪಾಯವಿದೆ. ಗಾತ್ರಕ್ಕೆ ಬಂದರೆ ನಿಮ್ಮ ಎಂಜಿನ್ 0.6ರಿಂದ 0.7 ಬಾರ್ ಬೂಸ್ಟಿನಲ್ಲಿ 1600 ಆರ್‌ಪಿಎಂಗೆ ನಿಮಿಷಕ್ಕೆ 3 ಕಿಲೊ, 2800ಕ್ಕೆ ಐದೂವರೆ ಕಿಲೊ ಗಾಳಿ ಎಳೆಯುತ್ತದೆ. ಕಂಪ್ರೆಸರಿನ ನಕ್ಷೆಯಲ್ಲಿ ಈ ಎರಡು ಬಿಂದುಗಳೂ ಸರ್ಜ್ ಗೆರೆಯ (ಇದರ ಎಡಕ್ಕೆ ಗಾಳಿ ಹಿಮ್ಮೆಟ್ಟಿ ಬಡಿಯುತ್ತದೆ) ಬಲಕ್ಕೆ, ದಕ್ಷತೆ ಹೆಚ್ಚಿರುವ ವಲಯದ ಒಳಗೆ ಬೀಳಬೇಕು. ಟರ್ಬೈನ್ ಹೌಸಿಂಗ್ ಸಣ್ಣದನ್ನು ಆರಿಸಿ, ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಮೀರದಂತೆ ಹೆಚ್ಚಾದ ಎಕ್ಸಾಸ್ಟನ್ನು ಬದಿಗೆ ಬಿಡುವ ವೇಸ್ಟ್‌ಗೇಟ್ ಇರುವುದನ್ನೇ ತೆಗೆದುಕೊಳ್ಳಿ. ಇದರಿಂದ 2800ರಲ್ಲಿ ಎಕ್ಸಾಸ್ಟ್ ಒತ್ತಡ ಸ್ವಲ್ಪ ಹೆಚ್ಚಿ ಐದಾರು ಹಾರ್ಸ್‌ಪವರ್ ಹೋಗಬಹುದು. ಹೋಗಲಿ ಬಿಡಿ, ಲೋಡ್ ಗಾಡಿಯನ್ನು 2800ರಲ್ಲಿ ದಿನವಿಡೀ ಓಡಿಸುವ ಪುಣ್ಯಾತ್ಮರು ಕಡಿಮೆ.

ಆಯಿಲ್ ಮರಳುವ ಪೈಪು ದಪ್ಪವಾಗಿ, ಎಲ್ಲಿಯೂ ಮೇಲಕ್ಕೆ ಬಾಗದೆ, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಏರ್ ಫಿಲ್ಟರ್ ದೊಡ್ಡದಾಗಬೇಕು. ಎಕ್ಸಾಸ್ಟ್ ಬ್ರೇಕ್ ಇದ್ದರೆ ಅದರ ಬಟರ್‌ಫ್ಲೈ ಕವಾಟ ಟರ್ಬೈನಿನ ನಂತರ ಬರಬೇಕು.

ಹಾಸನದ ಗಾಡಿ:

ಎಲ್ಲರಿಗೂ ಕೃತಜ್ಞತೆಗಳು. 110ರ ಮಾತನ್ನು ಬಿಟ್ಟಿದ್ದೇನೆ. ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಹಾಕುತ್ತೇನೆ. ಒಪ್ಪಿದರೆ ಅದೇ ಸರಣಿಯ ಟರ್ಬೊ ಎಂಜಿನ್ ಹುಡುಕಿ, ಪಂಪನ್ನು ಬೆಂಚಿನ ಮೇಲೆ ಹಾಕಿಸಿ ಹಾಳೆ ಪಡೆದೇ ಗಾಡಿಗೆ ಏರಿಸುತ್ತೇನೆ. ಒಪ್ಪದಿದ್ದರೆ ಇದ್ದ ಎಂಜಿನ್ನಿನ ನಾಝಲ್, ಟೈಮಿಂಗ್, ಫಿಲ್ಟರ್ ಸರಿಪಡಿಸಿ ಲೋಡ್ ಇಳಿಸುವುದು. ಕೊನೆಯ ಪ್ರಶ್ನೆ: ಎಕ್ಸಾಸ್ಟಿನ ಉಷ್ಣತೆ ತೋರಿಸುವ ಮೀಟರನ್ನು ಎಲ್ಲಿ ಹಾಕಬೇಕು, ಘಾಟಿಯಲ್ಲಿ ಅದು ಏರತೊಡಗಿದರೆ ಚಾಲಕ ಏನು ಮಾಡಬೇಕು?

ಪಂಪ್ ಬೆಂಚು:

ಮ್ಯಾನಿಫೋಲ್ಡಿನಲ್ಲಿ ನಾಲ್ಕೂ ಸಿಲಿಂಡರುಗಳ ಅನಿಲ ಸೇರುವ ಜಾಗದಲ್ಲಿ, ಟರ್ಬೈನಿಗಿಂತ ಮುಂಚೆ ಹಾಕಿಸಿ. ಎಂಜಿನ್ ಕೆಳಗಿದ್ದಾಗಲೇ ರಂಧ್ರ ಕೊರೆಸಬೇಕು, ಕಬ್ಬಿಣದ ಪುಡಿ ಟರ್ಬೈನಿಗೆ ಹೋಗಬಾರದು. ದೀರ್ಘ ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟಲು ಬಿಡಬೇಡಿ. ಟರ್ಬೈನಿನ ನಂತರ ಹಾಕಿದ ಮೀಟರ್ 100ರಿಂದ 150 ಡಿಗ್ರಿ ಕಡಿಮೆ ತೋರಿಸುತ್ತದೆ, ಆಗ ಮಿತಿ 550 ಎಂದು ಹಿಡಿಯಿರಿ. ಮುಳ್ಳು ಏರುತ್ತಿದ್ದರೆ ಚಾಲಕರು ಆಕ್ಸಲರೇಟರನ್ನು ಇನ್ನಷ್ಟು ಒತ್ತುವುದೇ ಹೆಚ್ಚು, ಅದು ತಪ್ಪು. ಆಕ್ಸಲರೇಟರ್ ಸ್ವಲ್ಪ ಬಿಟ್ಟು ಒಂದು ಗೇರ್ ಇಳಿಸಬೇಕು. ಆರ್‌ಪಿಎಂ ಏರಿದಾಗ ಗಾಳಿ ಹೆಚ್ಚುತ್ತದೆ, ಪ್ರತಿ ಸ್ಟ್ರೋಕಿನ ಡೀಸೆಲ್ ತಗ್ಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮುಳ್ಳು ಕೆಳಗೆ ಬರುತ್ತದೆ. ದೋಣಿಗಾಲ್ ದಾಟಿ ಚಹಾಕ್ಕೆ ನಿಲ್ಲಿಸುವವರಾದರೆ ಎಂಜಿನ್ನನ್ನು ಎರಡು ಮೂರು ನಿಮಿಷ ಐಡಲ್‌ನಲ್ಲಿ ಓಡಲು ಬಿಟ್ಟು ಆಮೇಲೆ ಆಫ್ ಮಾಡಲು ಹೇಳಿ. ಟರ್ಬೊದ ಬೇರಿಂಗಿಗೆ ಆಯಿಲ್ ಹೋಗುವುದು ಎಂಜಿನ್ ಓಡುತ್ತಿರುವಷ್ಟು ಹೊತ್ತು ಮಾತ್ರ.